ಕಟ್ಟುವ ಖರ್ಚು, ಕಾಪಾಡುವ ಖರ್ಚು

ಗ್ರಾಮಗಳು ಉದ್ಧಾರವಾಗದೆ ದೇಶ ಉದ್ಧಾರವಾಗದು ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಕೇಳದವರು ವಿರಳ. ಆ ಉದ್ಧಾರದ ಲೆಕ್ಕವನ್ನು ಬರೆಯುವ ಕೈ ಯಾವುದು, ಆ ಕೈಯಲ್ಲಿ ಹಣವೆಷ್ಟು, ಬಂದ ಹಣ ಯಾವ ದಾರಿಯಲ್ಲಿ ಸೋರಿಹೋಗುತ್ತದೆ ಎಂಬ ವಿಚಾರ ಬಂದಾಗ ಮಾತ್ರ ಸಭೆ ಮೌನ ತಾಳುತ್ತದೆ. ಗ್ರಾಮ ಪಂಚಾಯಿತಿಯ ಆಯವ್ಯಯ ಪತ್ರವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ಓದಿದ ವಿದ್ಯಾವಂತರು ಒಂದು ಊರಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಹೊರಟರೆ ಕೈಬೆರಳುಗಳೇ ಹೆಚ್ಚಾದಾವು.

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ಒಂದು ಹೋಬಳಿ ಕೇಂದ್ರ. ಕನ್ನಡ ನಾಡಿಗೆ ಈ ಹೆಸರು ಪರಿಚಿತವಾದದ್ದು ಊರಿನಿಂದಲ್ಲ, ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಕೊಂಡೊಯ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಂದ. ಅವರು ಸಾಹಿತಿಗಳಾಗಿರುವಂತೆಯೇ ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದವರು. 1943ರಲ್ಲಿ ಆ ಸೇವೆಯಿಂದ ಹೊರಬಂದರು. ಅವರಿಗೆ ಜ್ಞಾನಪೀಠ ಪ್ರಶಸ್ತಿ ದೊರೆತ 1983ನೆಯ ವರ್ಷದಲ್ಲಿಯೇ ಕರ್ನಾಟಕದ ವಿಧಾನಮಂಡಲವು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆಯನ್ನು ರೂಪಿಸಿತೆಂಬುದು ಒಂದು ಆಕಸ್ಮಿಕ ಮಾತ್ರ. ಆ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆಗಳು ನಡೆದುವು. ಅದಕ್ಕಾಗಿ ದುಡಿದ ಸಚಿವ ಅಬ್ದುಲ್ ನಜೀರ್‌ಸಾಬ್ ಅವರನ್ನು ಜನ ಇಂದಿಗೂ ‘ನೀರ್‌ಸಾಬ್’ ಎಂದೇ ನೆನೆಯುತ್ತಾರೆ. ಅಧಿಕಾರದ ವಿಕೇಂದ್ರೀಕರಣವೆಂಬ ದೊಡ್ಡ ಮಾತು ಹಳ್ಳಿಯ ಹೆಂಗಸಿಗೆ ತಲುಪಿದ್ದು ಕೊಳವೆಬಾವಿಯ ಕೈಪಂಪಿನ ಮೂಲಕವೇ ಎಂಬುದನ್ನು ಆ ಹೆಸರು ಸಾರಿ ಹೇಳುತ್ತದೆ. ಬಳಿಕ ಸಂವಿಧಾನದ 73ನೆಯ ತಿದ್ದುಪಡಿ ಬಂದಿತು; 1993ರ ಪಂಚಾಯತ್ ರಾಜ್ ಕಾಯ್ದೆ ಬಂದಿತು; ಸುಮಾರು ನಾನೂರು ಜನರಿಗೆ ಒಬ್ಬರಂತೆ ಸದಸ್ಯರು ಬಂದರು; ಕುಡಿಯುವ ನೀರು, ಬೀದಿದೀಪ, ಚರಂಡಿ, ನೈರ್ಮಲ್ಯಗಳ ಹೊಣೆ ಪಂಚಾಯಿತಿಯ ಹೆಗಲೇರಿತು. ಹೊಣೆ ಬಂದಷ್ಟು ವೇಗದಲ್ಲಿ ಹಣ ಬರಲಿಲ್ಲ.

ಬಂದ ಹಣವಾದರೂ ಸ್ವತಂತ್ರವಾದುದಲ್ಲ. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ನೀಡಿದ ಅನುದಾನದಲ್ಲಿ ನೂರಕ್ಕೆ 60 ಪಾಲು ನಿರ್ಬಂಧಿತವಾದುದು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40 ಪಾಲನ್ನು ಮಾತ್ರ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿತ್ತು. ಅದನ್ನು ಕೂಡ ಸಂಬಳಕ್ಕಾಗಲಿ ಸಿಬ್ಬಂದಿ ವೆಚ್ಚಕ್ಕಾಗಲಿ ಬಳಸುವಂತಿರಲಿಲ್ಲ. ಮೇಲಿನ ಆಸರೆಯೂ ಅಷ್ಟಕ್ಕಷ್ಟೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆ ಪೀಠಗಳು ಬರಿದಾಗಿ ಉಳಿದುವು. ಇಂಥ ಸ್ಥಿತಿಯಲ್ಲಿ ಪಂಚಾಯಿತಿಯೊಂದು ತನ್ನ ಇಚ್ಛೆಯಂತೆ ಖರ್ಚು ಮಾಡಬಲ್ಲ ರೂಪಾಯಿ ಯಾವುದೆಂದರೆ, ಊರಿನ ಮನೆಗಳಿಂದ ತಾನೇ ವಸೂಲು ಮಾಡಿದ ಕಂದಾಯದ ರೂಪಾಯಿ. ಮೊತ್ತದಲ್ಲಿ ಅದು ಕಿರಿದು. ಆದರೆ ಅನುದಾನದ ಹತ್ತು ರೂಪಾಯಿಗೆ ಸಾಧ್ಯವಾಗದ ಕೆಲಸವನ್ನು ಆ ಒಂದು ರೂಪಾಯಿ ಮಾಡಬಲ್ಲುದು. ಕೆಟ್ಟುಹೋದ ಮೋಟಾರಿನ ಸುರುಳಿಯನ್ನು ಸಂಜೆಯೊಳಗೆ ಕಟ್ಟಿಸುವುದಕ್ಕೆ ಯಾವ ಕ್ರಿಯಾಯೋಜನೆಯ ಮಂಜೂರಾತಿಗೂ ಕಾಯಲಾಗದಷ್ಟೆ.

ಹೀಗಿರಲು, ಬಡ ಪಂಚಾಯಿತಿ ಯಾವುದನ್ನು ಮೊದಲು ಯೋಜಿಸಬೇಕು? ಸಾಮಾನ್ಯವಾಗಿ ನಡೆಯುವ ಕ್ರಮ ಎಲ್ಲರಿಗೂ ತಿಳಿದಿದೆ. ಬಂದ ಅನುದಾನವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸುತ್ತಾರೆ. ಒಬ್ಬೊಬ್ಬರ ಪಾಲಿಗೆ ಬಂದ ಹಣದಲ್ಲಿ ಒಂದೊಂದು ಚರಂಡಿಯ ತುಂಡು, ಒಂದೊಂದು ಕಾಂಕ್ರೀಟು ರಸ್ತೆಯ ತುಂಡು. ಚರಂಡಿ ಎಲ್ಲಿಂದಲೋ ಹೊರಡುತ್ತದೆ, ಎಲ್ಲಿಗೂ ಮುಟ್ಟದೆ ಯಾರದೋ ಮನೆಯ ಹಿತ್ತಲ ಬಳಿ ನಿಂತುಬಿಡುತ್ತದೆ. ಹರಿಯುವುದಕ್ಕೆಂದು ಕಟ್ಟಿದ್ದು ಸೊಳ್ಳೆಗಳ ತವರಾಗುತ್ತದೆ. ಇದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಸದಸ್ಯನೂ ತನ್ನ ಬೀದಿಯವರಿಗೆ ಉತ್ತರ ಹೇಳಬೇಕಾದವನು. ಆದರೆ ಸಮಪಾಲೆಂಬುದು ನ್ಯಾಯದ ವೇಷ ತೊಟ್ಟ ಅಪವ್ಯಯ. ನೀರು ಹರಿಯುವ ಇಳಿಜಾರು ವಾರ್ಡುಗಳ ಗಡಿಯನ್ನು ಬಲ್ಲುದೆ?

ಬಡ ಪಂಚಾಯಿತಿಯ ಮೊದಲ ಯೋಜನೆ ಹೊಸದನ್ನು ಕಟ್ಟುವುದಾಗಿರಬಾರದು, ಇರುವುದನ್ನು ಉಳಿಸಿಕೊಳ್ಳುವುದಾಗಿರಬೇಕು. ಅದರಲ್ಲಿಯೂ ಕೋಲಾರ ಸೀಮೆಯಲ್ಲಿ ಮೊದಲ ಗಮನ ನೀರಿಗೆ ಸಲ್ಲಬೇಕು. ಇಲ್ಲಿ ನೀರಿನ ಖರ್ಚೇ ಮಿಕ್ಕೆಲ್ಲ ಸೇವೆಗಳ ಅನ್ನವನ್ನು ಉಣ್ಣುತ್ತಿದೆ.

ಒಂದು ಲೆಕ್ಕವನ್ನು ನೋಡಬಹುದು. ಪ್ರೌಢಶಾಲೆಯ ಭೌತವಿಜ್ಞಾನ ಬಲ್ಲವರು ಯಾರೂ ಇದನ್ನು ಮಾಡಬಹುದು. ಐದು ಸಾವಿರ ಜನರಿರುವ ಒಂದು ಊರು ಎಂದಿಟ್ಟುಕೊಳ್ಳಲಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ನಿಗದಿಪಡಿಸಿದ ತಲೆಗೆ 55 ಲೀಟರಿನಂತೆ ಆ ಊರಿಗೆ ದಿನವೊಂದಕ್ಕೆ 2,75,000 ಲೀಟರ್ ನೀರು ಬೇಕು. ಸಾವಿರ ಅಡಿ ಆಳದಿಂದ ಇಷ್ಟು ನೀರನ್ನು ಮೇಲೆತ್ತಲು ಸುಮಾರು 230 ಯೂನಿಟ್ ವಿದ್ಯುತ್ತು ಬೇಕೇ ಬೇಕು. ಅದು ಭೂಮಿಯ ಸೆಳೆತ ಕೇಳುವ ತೆರಿಗೆ, ಯಾರೂ ಮನ್ನಾ ಮಾಡಲಾರರು. ಪಂಪು ಮೋಟಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ವ್ಯರ್ಥವಾಗುವುದರಿಂದ ಮೀಟರಿನಲ್ಲಿ ತಿರುಗುವುದು 500 ಯೂನಿಟ್ಟಿನ ಸಮೀಪ. ಅದೇ ನೀರು ಮುನ್ನೂರು ಅಡಿಯಲ್ಲಿ ದೊರೆತರೆ 150 ಯೂನಿಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ವ್ಯತ್ಯಾಸ ದಿನಕ್ಕೆ 350 ಯೂನಿಟ್. ವರ್ಷಕ್ಕೆ ಒಂದೂಕಾಲು ಲಕ್ಷ ಯೂನಿಟ್ಟಿಗೂ ಮೇಲು. ಎತ್ತಿದ ನೀರಿನಲ್ಲಿ ಐದನೆಯ ಒಂದು ಪಾಲು ಒಡೆದ ಕೊಳವೆಗಳಲ್ಲಿಯೂ ತಿರುಪು ಇಲ್ಲದ ನಲ್ಲಿಗಳಲ್ಲಿಯೂ ಸೋರಿತೆಂದರೆ, ಅದರೊಡನೆ ದಿನಕ್ಕೆ ನೂರು ಯೂನಿಟ್ ವಿದ್ಯುತ್ತೂ ಮೋರಿಗೆ ಹರಿಯಿತು.

ಈ ಲೆಕ್ಕದ ತಾತ್ಪರ್ಯ ಸ್ಪಷ್ಟ. ಕೊಳವೆಬಾವಿ ಆಳಕ್ಕಿಳಿದಷ್ಟೂ ಪಂಚಾಯಿತಿ ಬಡವಾಗುತ್ತದೆ. ಅಂತರ್ಜಲ ಒಂದೊಂದು ಅಡಿ ಮೇಲೇರಿದಂತೆ ಕಂದಾಯದ ಹಣ ಉಳಿಯುತ್ತದೆ. ಆದುದರಿಂದ ಕೆರೆಯ ಹೂಳೆತ್ತುವುದು ಬೇಸಾಯದ ಬಾಬ್ತು ಮಾತ್ರವಲ್ಲ, ವಿದ್ಯುತ್ ಬಿಲ್ಲಿನ ಬಾಬ್ತು ಕೂಡ. ಪಂಚಾಯಿತಿಯ ಲೆಕ್ಕಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿರುವುದರಿಂದ ಅವುಗಳ ನಂಟು ಯಾರಿಗೂ ಕಾಣುವುದಿಲ್ಲ.

ಕೋಲಾರ ಜಿಲ್ಲೆ ಜೀವನದಿಗಳಿಲ್ಲದ ನಾಡು. ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ಹಿಡಿದಿಡಲು ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿದರು. ಈ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕರ್ನಾಟಕದ ಕೆರೆ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ಕಾಪಾಡುವವನಿಗೆ ಆ ಕೆರೆಯ ನೀರುಣ್ಣುವ ಭೂಮಿಯಲ್ಲಿಯೇ ಒಂದು ಭಾಗವನ್ನು ಬಿಟ್ಟುಕೊಡುತ್ತಿದ್ದರು. ಏರಿಗೆ ಮಣ್ಣು ಹೊರುವ ಬಂಡಿಗೂ ದತ್ತಿಯಿರುತ್ತಿದ್ದುದುಂಟು. ಅಂದರೆ ಕಟ್ಟುವ ದಿನವೇ ಕಾಪಾಡುವ ಖರ್ಚಿಗೂ ದಾರಿ ಮಾಡಿರುತ್ತಿದ್ದರು. ತೂಬು ಎತ್ತಿ ಇಳಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಪಾಲು ಸಲ್ಲುತ್ತಿತ್ತು. ಅವನು ಯಾವ ಕಚೇರಿಯ ಬಾಗಿಲನ್ನೂ ಕಾಯಬೇಕಾಗಿರಲಿಲ್ಲ. ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವ ಅಗತ್ಯವಿಲ್ಲ. ಕಣದಲ್ಲಿ ಕಾಳು ಎಣಿಸಿಕೊಂಡವರಲ್ಲಿ ಮೇಲುಕೀಳು ಇದ್ದೇ ಇತ್ತು. ಆದರೂ ಖರ್ಚಿನ ವಿಚಾರದಲ್ಲಿ ಅವರ ವಿವೇಕವನ್ನು ಇಂದಿನ ಅಂದಾಜುಪಟ್ಟಿಗಳಲ್ಲಿ ಹುಡುಕಿದರೂ ಸಿಗದು.

ಇಂದು ನಡೆಯುತ್ತಿರುವುದು ಇದಕ್ಕೆ ವಿಪರೀತ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದುವು. ಉದ್ಘಾಟನೆಯ ಫಲಕಗಳು ಇನ್ನೂ ಹೊಳೆಯುತ್ತಿರುವಾಗಲೇ ಹಲವೆಡೆ ಒಳಗಿನ ಸೋಸುಪೊರೆ ಬದಲಿಸುವವರಿಲ್ಲದೆ ಘಟಕಗಳು ಬೀಗ ಹಾಕಿಕೊಂಡುವು. ಕಸ ಸಾಗಿಸುವ ವಾಹನಗಳು ಬಂದುವು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಚಾಲನೆ ಕಲಿತು ಅವನ್ನು ನಡೆಸತೊಡಗಿದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ವಾಹನಕ್ಕೆ ಅನುದಾನವಿದ್ದಂತೆ ಅದರ ಇಂಧನಕ್ಕೆ, ಚಾಲಕಿಯ ಗೌರವಧನಕ್ಕೆ ನಿಶ್ಚಿತವಾದ ಮೂಲವಿಲ್ಲ. ಒಂದು ವಿದ್ಯಾರ್ಥಿನಿಲಯವನ್ನು ನಡೆಸಿದವರಿಗೆ ಈ ಸಂಕಟ ಹೊಸದಲ್ಲ. ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ, ಕಲ್ಲಿನ ಮೇಲೆ ಹೆಸರು ಕೊರೆಯುತ್ತದೆ. ಅಕ್ಕಿ ಮಾತ್ರ ದಿನವೂ ಬೇಯಬೇಕು, ಆ ಅಕ್ಕಿಯ ಮೇಲೆ ಹೆಸರು ಕೊರೆಯಲು ಬರುವುದಿಲ್ಲ.

ಬೀದಿದೀಪದ ವಿಚಾರವೂ ಹೀಗೆಯೇ. ಹಳೆಯ ನಲವತ್ತು ವ್ಯಾಟಿನ ಕೊಳವೆದೀಪ ಚೋಕು ಸೇರಿ ಐವತ್ತು ವ್ಯಾಟ್ ಎಳೆಯುತ್ತಿತ್ತು. ರಾತ್ರಿ ಹನ್ನೆರಡು ಗಂಟೆ ಉರಿದರೆ 0.60 ಯೂನಿಟ್. ಅದರ ಸ್ಥಾನದಲ್ಲಿ ಇಪ್ಪತ್ತು ವ್ಯಾಟಿನ ಎಲ್‌ಇಡಿ ದೀಪ ಬಂದಾಗ ಖರ್ಚು 0.24 ಯೂನಿಟ್ಟಿಗೆ ಇಳಿಯಿತು. ಇಷ್ಟಕ್ಕೇ ಹಿಗ್ಗುವಂತಿಲ್ಲ. ಪ್ರತ್ಯೇಕ ತಂತಿಯೂ ಗುಂಡಿಯೂ ಇಲ್ಲದ ಕಂಬದ ಮೇಲೆ ಆ ದೀಪ ಹಗಲೂ ರಾತ್ರಿಯೂ ಉರಿದರೆ 0.48 ಯೂನಿಟ್, ಉಳಿತಾಯದ ಬಹುಪಾಲು ನಡುಹಗಲ ಬಿಸಿಲಿಗೆ ಬೆಳಕು ತೋರಿಸುವುದರಲ್ಲಿಯೇ ತೀರಿಹೋಯಿತು. ಹೊಸ ದೀಪ ತರುವುದು ಯೋಜನೆ. ಅದನ್ನು ಬೆಳಗಾಗುತ್ತಲೇ ಆರಿಸುವುದು ಆಡಳಿತ.

ಇನ್ನು ಒಂದು ಕಾಸೂ ಖರ್ಚಿಲ್ಲದೆ ಆಗಬಹುದಾದ ಸುಧಾರಣೆಯೊಂದಿದೆ. ಬಹುಶಃ ಆ ಕಾರಣದಿಂದಲೇ ಅದು ಯಾವ ಕ್ರಿಯಾಯೋಜನೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಹಳ್ಳಿಯ ನೀರಿನ ಕೊಳವೆ ಮೇಲಿನ ತೊಟ್ಟಿಯಿಂದ ಹೊರಟು ಊರಿನ ನಡುವೆ ಹಾದು ಕೊನೆಗೆ ಮುಟ್ಟುವುದು ಅನೇಕ ಊರುಗಳಲ್ಲಿ ದಲಿತರ ಕೇರಿಯನ್ನು. ಮೊದಲ ಬೀದಿಯಲ್ಲಿ ಕೆಲವರು ನಲ್ಲಿಗೇ ಮೋಟಾರು ಜೋಡಿಸಿ ಎಳೆದುಕೊಂಡರೆಂದರೆ ಕಡೆಯ ಕೇರಿಯ ನಲ್ಲಿಯಲ್ಲಿ ಬರುವುದು ಗಾಳಿಯ ಸದ್ದು. ಸರ್ಕಾರದ ಲೆಕ್ಕದಲ್ಲಿ ಅದೂ ‘ನಲ್ಲಿ ಇರುವ ಮನೆ’ಯೇ. ಯಾವ ಬೀದಿಗೆ ಯಾವ ಹೊತ್ತಿನಲ್ಲಿ ಎಷ್ಟು ಕಾಲ ನೀರು ಬಿಡಲಾಗುತ್ತದೆಂಬ ಪಟ್ಟಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ, ಕಡೆಯ ಕೇರಿಗೆ ಮೊದಲು ನೀರು ಬಿಡುವ ಸರದಿಯನ್ನು ಜಾರಿಗೆ ತಂದರೆ ಸಾಕು. ಗೇಟುವಾಲ್ವು ತಿರುಗಿಸುವ ನೀರುಗಂಟಿ ಅದನ್ನು ಮಾಡಬಲ್ಲ. ಆದರೆ ತಿಂಗಳುಗಟ್ಟಲೆ ಸಂಬಳ ಕಾಣದ ಬಡ ನೌಕರ ಊರಿನ ಬಲಿಷ್ಠರ ಬೀದಿಗೆ ನೀರು ನಿಲ್ಲಿಸುವ ಧೈರ್ಯವನ್ನು ಎಲ್ಲಿಂದ ತಂದಾನು? ಆದುದರಿಂದ ಆಯವ್ಯಯ ಪತ್ರದಲ್ಲಿ ನೀರುಗಂಟಿಯ ಸಂಬಳವನ್ನು ಗುತ್ತಿಗೆದಾರರ ಬಿಲ್ಲುಗಳಿಗಿಂತ ಮೊದಲು ಬರೆಯಬೇಕು. ನೀರುಗಂಟಿ, ಪೌರಕಾರ್ಮಿಕ, ಕರವಸೂಲಿಗಾರ ಈ ಮೂವರಿಗೆ ಸಕಾಲದಲ್ಲಿ ಸಂಬಳ ಸಂದ ಪಂಚಾಯಿತಿಯಲ್ಲಿ ಅರ್ಧದಷ್ಟು ದೂರುಗಳು ಹುಟ್ಟುವುದೇ ಇಲ್ಲ.

ಸಂಬಳ ಕೊಡಲು ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಉತ್ತರ ಅಪ್ರಿಯವಾದುದು: ಕಂದಾಯ ವಸೂಲಾಗಬೇಕು, ನೀರಿಗೆ ಶುಲ್ಕ ಸಲ್ಲಬೇಕು. ಹಾಗೆಂದು ಕೂಲಿಕಾರಳ ಮನೆಯ ನಲ್ಲಿಯನ್ನು ಮೊದಲು ಕತ್ತರಿಸುವ ಶೌರ್ಯ ಯಾರಿಗೂ ಬೇಡ. ವಸೂಲಿ ಮೇಲಿನಿಂದ ಆರಂಭವಾಗಲಿ. ಕಲ್ಯಾಣ ಮಂಟಪ, ಕೋಳಿ ಸಾಕಣೆಯ ಕೊಟ್ಟಿಗೆ, ಇಟ್ಟಿಗೆ ಗೂಡು, ಹೊಸ ಬಡಾವಣೆಯ ನಿವೇಶನ, ಮೊಬೈಲ್ ಗೋಪುರ ಇವುಗಳ ಪಟ್ಟಿ ಮೊದಲು ಸಿದ್ಧವಾಗಲಿ. ಬಾಕಿದಾರರ ಹೆಸರು ಗ್ರಾಮಸಭೆಯಲ್ಲಿ ಓದಲ್ಪಡಲಿ. ಪಂಚಾಯಿತಿಯ ಸದಸ್ಯರ ಮನೆಯ ಕಂದಾಯದ ರಸೀದಿಯೂ ಆ ಸಭೆಯಲ್ಲಿ ಕಾಣಿಸಿಕೊಂಡರೆ ಉಳಿದವರ ಕೈ ತಾನೇ ಜೇಬಿಗೆ ಹೋಗುತ್ತದೆ. ಕಂದಾಯದೊಡನೆ ಗ್ರಂಥಾಲಯಕ್ಕೆಂದು ನೂರಕ್ಕೆ ಆರರಂತೆ ಕರ ಕೂಡ ಸೇರುವುದುಂಟು. ಅದು 1965ರ ಕಾಯ್ದೆಯ ಫಲ. ಊರಿನ ಗ್ರಂಥಾಲಯದಲ್ಲಿ ಪುಸ್ತಕವಿಲ್ಲವೆಂದು ಗೊಣಗುವ ವಿದ್ಯಾವಂತರು ತಮ್ಮ ಕಂದಾಯದ ಬಾಕಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸರ್ಕಾರವೇ ಹೆಚ್ಚು ಹಣ ಕೊಡಲಿ ಎನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಕೋಲಾರದ ನೀರಿನ ಬವಣೆಯನ್ನು ಒಂದು ಪಂಚಾಯಿತಿ ತನ್ನ ಚಿಲ್ಲರೆ ಕಾಸಿನಿಂದ ನೀಗಿಸಲಾರದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅದು ಎರಡು ಹಂತದ ಶುದ್ಧೀಕರಣವನ್ನಷ್ಟೇ ಕಂಡ ನೀರೆಂಬ ಆಕ್ಷೇಪ ಬಂದಿತು, ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಮಾರ್ಕಂಡೇಯ ನದಿಗೆ ಯರಗೋಳದ ಬಳಿ ಕಟ್ಟಿದ ಅಣೆಕಟ್ಟು 2023ರಲ್ಲಿ ಉದ್ಘಾಟನೆಗೊಂಡಿತು. ಅದರ ಮುಖ್ಯ ಉದ್ದೇಶ ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ನೀರು ಒದಗಿಸುವುದು. ಇವೆಲ್ಲ ರಾಜ್ಯದ ಬೊಕ್ಕಸವೇ ಹೊರಬೇಕಾದ ಭಾರಗಳು. ಆದರೆ ದೊಡ್ಡ ಯೋಜನೆಯ ನೀರು ಬರುವ ದಿನದವರೆಗೆ ಊರಿನ ಒಡೆದ ಕೊಳವೆ ಒಡೆದೇ ಇರಬೇಕೆ? ಬಂದ ದಿನ ಆ ನೀರೂ ಅದೇ ಒಡಕಿನಲ್ಲಿ ಸೋರಬೇಕೆ?

ಪಂಚಾಯಿತಿಯ ಅಳವಿನಲ್ಲಿರುವ ಕೆರೆಕುಂಟೆಗಳ ವಿಚಾರಕ್ಕೆ ಬಂದರೆ, 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು. ಅವನ್ನು ಮುಟ್ಟಲು ಪಂಚಾಯಿತಿಗೆ ಅಧಿಕಾರವಿಲ್ಲ. ಸಣ್ಣ ಕೆರೆ, ಕುಂಟೆ, ಕಲ್ಯಾಣಿಗಳೇ ಅದರ ಪಾಲು. ಅವುಗಳಿಗೂ ಮೊದಲು ಬೇಕಾದುದು ಏರಿಯ ಮೇಲಿನ ಕಬ್ಬಿಣದ ಕಟಕಟೆಯಲ್ಲ, ಸಿಮೆಂಟಿನ ಕಮಾನಲ್ಲ. ಮಳೆಯ ನೀರನ್ನು ಕೆರೆಗೆ ತರುವ ಕಾಲುವೆಯ ಮುಳ್ಳುಪೊದೆ, ಒತ್ತುವರಿಗಳ ನಿವಾರಣೆ. ಕಾಲುವೆ ಮುಚ್ಚಿದ ಕೆರೆಯ ಹೂಳೆತ್ತುವುದು ಬಾಯಿ ಕಟ್ಟಿದ ಗಡಿಗೆಯನ್ನು ತೊಳೆದಂತೆ. ಜಲಾನಯನದ ತುಂಬ ನಿಂತಿರುವ ನೀಲಗಿರಿಯ ಮಾತೂ ಬರುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು, ನೆಟ್ಟದ್ದು ಮಾತ್ರ ಕಡಿದಷ್ಟೂ ಚಿಗುರುವ ಜಾತಿ. ಹೂಳಿಗೆ ಗಿರಾಕಿಗಳು ಇದ್ದೇ ಇದ್ದಾರೆ. ರೈತರು ತಮ್ಮ ಟ್ರಾಕ್ಟರಿನಲ್ಲಿಯೇ ಹೊಲಕ್ಕೆ ಹೊತ್ತೊಯ್ಯುತ್ತಾರೆ. ಆದರೆ ಮಾಲೂರು ಸೀಮೆ ಹೆಂಚು ಇಟ್ಟಿಗೆಗಳಿಗೆ ಹೆಸರಾದುದು. ಗೂಡಿನವರ ಕಣ್ಣು ಕೆರೆಯ ಜೇಡಿಯ ಮೇಲಿರುವುದು ಸ್ವಾಭಾವಿಕ. ಎಷ್ಟು ಅಗೆಯಬೇಕು, ಎಲ್ಲಿ ಅಗೆಯಬೇಕೆಂದು ಗುರುತು ಮಾಡದೆ ಬಿಟ್ಟರೆ ಕೆರೆಯ ಅಂಗಳ ಗುಂಡಿಗಳ ಬಯಲಾಗುತ್ತದೆ. ನೀರು ತುಂಬಿದಾಗ ಈಜಲಿಳಿದ ಮಕ್ಕಳ ಪಾಲಿಗೆ ಆ ಗುಂಡಿಗಳು ಮೃತ್ಯುವಾಗುತ್ತವೆ. ರೈತರಿಗೆ ಉಚಿತ, ಗೂಡಿನವರಿಗೆ ಬಹಿರಂಗ ಹರಾಜು, ಎಲ್ಲರಿಗೂ ಆಳದ ಮಿತಿ: ಇಷ್ಟು ನಿಯಮವಿದ್ದರೆ ಹೂಳೆತ್ತುವ ಕೆಲಸ ಖರ್ಚಿನ ಬಾಬ್ತಿನಿಂದ ಆದಾಯದ ಬಾಬ್ತಿಗೆ ದಾಟಲೂಬಹುದು.

ಶಾಲೆಗಳು ಈ ಕಾರ್ಯದಲ್ಲಿ ಏನು ಮಾಡಬಹುದೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ಊರಿನಲ್ಲಿ ಎಷ್ಟು ನಲ್ಲಿಗಳಿವೆ, ಎಷ್ಟು ಸೋರುತ್ತವೆ, ಯಾವ ಕಂಬದ ದೀಪ ಹಗಲು ಉರಿಯುತ್ತದೆ ಎಂಬುದನ್ನು ಒಂದು ತರಗತಿಯ ಮಕ್ಕಳು ಒಂದು ಶನಿವಾರದಲ್ಲಿ ಎಣಿಸಿ ಮುಗಿಸುತ್ತಾರೆ. ಸೋರುವ ನಲ್ಲಿಯ ಕೆಳಗೆ ಚೊಂಬು ಇಟ್ಟು ಗಡಿಯಾರ ನೋಡಿದರೆ ಅದೇ ಗಣಿತದ ಪಾಠ. ಮಕ್ಕಳ ಗ್ರಾಮಸಭೆಯೆಂಬ ವ್ಯವಸ್ಥೆ ರಾಜ್ಯದಲ್ಲಿ ಇದ್ದೇ ಇದೆ. ಅಲ್ಲಿ ಹಾಡು, ಭಾಷಣಗಳ ಬದಲು ಈ ಪಟ್ಟಿಯನ್ನು ಓದಿಸಬಹುದು. ಪಂಚಾಯಿತಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡುವ ಜಮಾಬಂದಿಗೆ ಹಳೆಯ ವಿದ್ಯಾರ್ಥಿಗಳಲ್ಲಿ ಲೆಕ್ಕಪತ್ರ ಬಲ್ಲವರು ಇಬ್ಬರು ಬಂದು ಕುಳಿತರೂ ಸಭೆಯ ಗಾಂಭೀರ್ಯವೇ ಬೇರೆಯಾಗುತ್ತದೆ. ಇನ್ನು ದಾನಿಗಳು. ಊರ ಬಾಗಿಲಿಗೆ ಕಮಾನು ಕಟ್ಟಿಸುವ ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಬಡ್ಡಿ ಶುದ್ಧ ನೀರಿನ ಘಟಕದ ಸೋಸುಪೊರೆಗೆ, ಕೆರೆಯ ತೂಬಿನ ದುರಸ್ತಿಗೆ ಸಲ್ಲಲೆಂದು ಬರೆದುಕೊಟ್ಟರೆ ಅದು ಹಳೆಯ ಬಿತ್ತುವಟ್ಟದ ಇಂದಿನ ರೂಪವೇ. ಅದಕ್ಕೂ ಬೇಕಾದರೆ ಒಂದು ಕಲ್ಲು ನಿಲ್ಲಿಸಬಹುದು.

ಆದರೆ ಇದೆಲ್ಲಕ್ಕೂ ಒಂದು ಕಾಲನಿಯಮವಿದೆ. ಪಂಚಾಯಿತಿಯ ಆಯವ್ಯಯ ಸಿದ್ಧವಾಗುವುದು ಹಣಕಾಸಿನ ವರ್ಷ ಮುಗಿಯುವ ಮುನ್ನ, ಮಾಘ ಫಾಲ್ಗುಣಗಳ ದಿನಗಳಲ್ಲಿ. ಆ ವೇಳೆಗೆ ಈ ಸೀಮೆಯ ಸಣ್ಣ ಕೆರೆಗಳು ಒಣಗತೊಡಗಿರುತ್ತವೆ. ಅಂಗಳಕ್ಕೆ ಬಂಡಿ ಇಳಿಯುವುದು ಯುಗಾದಿಯ ಬಳಿಕ, ಮುಂಗಾರಿನ ಹದಮಳೆ ಬೀಳುವ ತನಕ. ಕೋಲಾರದಲ್ಲಿ ಕೆರೆ ತುಂಬುವ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮಾರ್ಚಿಯಲ್ಲಿ ಬರೆಯದ ಕೆಲಸಕ್ಕೆ ಆಗಸ್ಟಿನಲ್ಲಿ ಮಂಜೂರಾತಿ ಬಂದರೆ ಗುತ್ತಿಗೆದಾರ ಕೆಸರಿನಲ್ಲಿ ಯಂತ್ರ ಇಳಿಸಿ ನಾಲ್ಕು ದಿನ ಅಗೆದು ಬಿಲ್ಲು ಬರೆಯುತ್ತಾನೆ. ಕಾಲುವೆಯ ಮುಳ್ಳು ಹಾಗೆಯೇ ಇರುತ್ತದೆ, ಮಳೆಯ ನೀರು ಕೆರೆಯ ಪಕ್ಕದಿಂದ ಹಾದು ತಗ್ಗಿನ ಹೊಲಕ್ಕೆ ಹೋಗುತ್ತದೆ, ಮೇಲಿನ ಪಂಪುಮನೆಯಲ್ಲಿ ಮೀಟರು ಮತ್ತೊಂದು ವರ್ಷ ಸಾವಿರ ಅಡಿಯ ಲೆಕ್ಕದಲ್ಲಿಯೇ ತಿರುಗುತ್ತದೆ.